ನೂಲಿನ ತಕರಾರು: ಮೊದಲು ಸ್ಕ್ರೂ ಮುಟ್ಟಬೇಡಿ

ಮೇ ತಿಂಗಳ ಕೊನೆಯಿಂದ ಜೂನ್ ಮಧ್ಯದ ತನಕ ಈ ಅಂಕಣಕ್ಕೆ ಬರುವ ಪತ್ರಗಳ ಜಾತಿಯೇ ಬೇರೆ. ಬೇಸಗೆಯಿಡೀ ರವಿಕೆಯ ಕತ್ತು, ತೋಳಿನ ಅಳತೆ ಎಂದು ಕೇಳುತ್ತಿದ್ದವರು ಶಾಲೆ ತೆರೆಯುವ ಹೊತ್ತಿಗೆ ಮೂಲೆಯಲ್ಲಿದ್ದ ಮೆಷಿನಿನ ಮುಚ್ಚಳ ತೆಗೆದು, ಮಕ್ಕಳ ಸಮವಸ್ತ್ರದ ಅಂಚು ಬಿಚ್ಚಿ ಹೊಲಿಯಲು ಕೂರುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನೂಲು ಕೈಕೊಡುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ನೂಲಿನ ದೂರುಗಳೇ. ಆದ್ದರಿಂದ ಅಳತೆಯ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದೊಂದನ್ನೇ ಹಿಡಿದಿದ್ದೇನೆ.

ಪತ್ರಗಳು ಬದಿಯಡ್ಕದಿಂದ ಅಕ್ಕಲಕೋಟೆಯ ತನಕ ಎಲ್ಲಿಂದ ಬಂದಿದ್ದರೂ ಒಂದು ವಾಕ್ಯ ಮಾತ್ರ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ: “ಸ್ಕ್ರೂ ತಿರುಗಿಸಿ ನೋಡಿದೆ.” ಅದನ್ನು ಓದಿದಾಗಲೆಲ್ಲ ಪತ್ರ ಕೆಳಗಿಟ್ಟು ಒಂದು ಲೋಟ ನೀರು ಕುಡಿಯುತ್ತೇನೆ.

*

ಪ್ರಶ್ನೆ: ಅಕ್ಕಾ, ನಮ್ಮದು ಕಾಲಲ್ಲಿ ತುಳಿಯುವ ಕಪ್ಪು ಮೆಷಿನ್. ಮೇಲಿನಿಂದ ನೋಡಿದರೆ ಹೊಲಿಗೆ ಚೆನ್ನಾಗಿಯೇ ಇದೆ. ಬಟ್ಟೆ ತಿರುಗಿಸಿದರೆ ಅಡಿಯಲ್ಲಿ ನೂಲು ಗುಂಗುರು ಗುಂಗುರಾಗಿ ಜೋತಾಡುತ್ತದೆ. ಕೆಲವೊಮ್ಮೆ ಮುದ್ದೆಗಟ್ಟಿ ಬಟ್ಟೆಯೇ ಹಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಡಿಯ ನೂಲಿನ ಉರುಳೆ ಕೂರುವ ಬಾಬಿನ್ ಕೇಸಿನ ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಏನೂ ಆಗಲಿಲ್ಲ. ರಿಪೇರಿಯವರು ಬಾಬಿನ್ ಕೇಸನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ? (ಓದುಗರೊಬ್ಬರು, ಬದಿಯಡ್ಕ)

ಉತ್ತರ: ಬದಲಿಸಬೇಡಿ. ಆ ಕೇಸು ಪಾಪ, ಏನೂ ಮಾಡಿಲ್ಲ.

ಮುದ್ದೆ ಅಡಿಯಲ್ಲಿ ಕಾಣಿಸುವುದರಿಂದ ಎಲ್ಲರ ಕೈಯೂ ಮೊದಲು ಅಡಿಗೇ ಹೋಗುತ್ತದೆ. ಒಂದು ಕೆಲಸ ಮಾಡಿ. ಮೇಲೆ ಕೆಂಪು ನೂಲು, ಬಾಬಿನ್ನಿಗೆ ಬಿಳಿ ನೂಲು ಹಾಕಿ, ಹಳೆಯ ಲುಂಗಿಯ ಚೂರನ್ನು ಎರಡು ಮಡಿಕೆ ಮಾಡಿ ಒಂದು ಗೇಣು ಹೊಲಿಯಿರಿ. ತಿರುಗಿಸಿ ನೋಡಿ. ಜೋತಾಡುವ ಗುಂಗುರೆಲ್ಲ ಕೆಂಪು ಬಣ್ಣದ್ದೇ ಆಗಿರುತ್ತದೆ. ಅಂದರೆ ಅದು ಮೇಲಿನ ನೂಲು. ಮೇಲೆ ಹಿಡಿತ ತಪ್ಪಿದ ನೂಲು ಅಡಿಗೆ ಬಂದು ರಾಶಿಯಾಗುತ್ತಿದೆ.

ಹೇಗೆಂದು ಹೇಳುತ್ತೇನೆ. ಸೂಜಿ ಕೆಳಗಿಳಿದಾಗ ಮೇಲಿನ ನೂಲು ಬಾಬಿನ್ ಕೇಸನ್ನು ಪೂರ್ತಿ ಒಂದು ಸುತ್ತು ಬಳಸಿ ಬರಬೇಕು. ಅದಕ್ಕಾಗಿ ಒಂದು ಹೊಲಿಗೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ನೂಲು ಕೆಳಗಿಳಿಯುತ್ತದೆ. ಸುತ್ತು ಮುಗಿದ ಕೂಡಲೇ ಮೇಲೆ ಕುಣಿಯುವ ಆ ತೂತಿನ ಕಡ್ಡಿ ಉಳಿದ ನೂಲನ್ನೆಲ್ಲ ಸೆಳೆದುಕೊಂಡು, ಎರಡು ನೂಲೂ ಬಟ್ಟೆಯ ನಡುವಿನಲ್ಲಿ ತೊಡರಿಕೊಳ್ಳುವಂತೆ ಮಾಡುತ್ತದೆ. ಆ ಕಡ್ಡಿ ಸೆಳೆಯುವಾಗ ರೀಲಿನ ಕಡೆಯಿಂದ ಹೊಸ ನೂಲು ಸಲೀಸಾಗಿ ಬಂದುಬಿಟ್ಟರೆ ಕೆಳಗಿನ ನೂಲು ಮೇಲೇರುವುದೇ ಇಲ್ಲ. ಹಾಗೆ ಬರದಂತೆ ಹಿಡಿದುಕೊಳ್ಳುವುದಕ್ಕೇ ಟೆನ್ಷನ್ ಬಿಲ್ಲೆಗಳಿರುವುದು. ನಿಮ್ಮ ನೂಲು ಆ ಎರಡು ಬಿಲ್ಲೆಗಳ ನಡುವೆ ಕೂತೇ ಇಲ್ಲ ಎಂಬುದು ನನ್ನ ಅನುಮಾನ.

ಕೂರದಿರುವುದಕ್ಕೆ ಕಾರಣ ಸಣ್ಣದು. ಬಟ್ಟೆ ಒತ್ತುವ ಪಾದ ಕೆಳಗಿರುವಾಗ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ. ಪಾದ ಎತ್ತಿದಾಗ ತೆರೆದುಕೊಳ್ಳುತ್ತವೆ. ನಮ್ಮ ಹೆಂಗಸರಿಗೆ ಪಾದ ಇಳಿಸಿಟ್ಟು ನೂಲು ಪೋಣಿಸುವ ಅಭ್ಯಾಸ. ಮುಚ್ಚಿದ ಬಿಲ್ಲೆಗಳ ಅಂಚಿನ ಮೇಲೆ ನೂಲು ಜಾರಿಕೊಂಡು ಹೋಗುತ್ತದೆ, ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಪಾದ ಎತ್ತಿ. ನೂಲನ್ನು ಪೂರ್ತಿ ಹೊರಗೆಳೆದು ರೀಲಿನಿಂದ ಹಿಡಿದು ಹೊಸದಾಗಿ ಪೋಣಿಸಿ. ಬಿಲ್ಲೆಗಳ ಹತ್ತಿರ ಬಂದಾಗ ಎರಡು ಕೈಯಲ್ಲಿ ನೂಲು ಹಿಡಿದು ಒಳಕ್ಕೆ ಒತ್ತಿ ಎಳೆಯಿರಿ. ಬಿಲ್ಲೆಗಳ ಬಳಿಯ ಪುಟ್ಟ ತಂತಿಯನ್ನು, ಅಂದರೆ ಚೆಕ್ ಸ್ಪ್ರಿಂಗನ್ನು, ತಪ್ಪಿಸಬೇಡಿ. ಕುಣಿಯುವ ಕಡ್ಡಿಯ ತೂತಿನಲ್ಲಿ ನೂಲು ಇದೆಯೇ ಎಂದು ಬೆರಳಿಟ್ಟು ನೋಡಿ. ಅದೊಂದು ತಪ್ಪಿದ್ದರೂ ಮೊದಲ ನಾಲ್ಕು ಹೊಲಿಗೆಯಲ್ಲೇ ಮುದ್ದೆ ಗ್ಯಾರಂಟಿ. ಸೂಜಿಗೆ ಪೋಣಿಸಿದ ಮೇಲೆ ಪರೀಕ್ಷೆ ಹೀಗೆ: ಪಾದ ಎತ್ತಿರುವಾಗ ನೂಲು ಎಳೆದರೆ ಸರಾಗವಾಗಿ ಬರಬೇಕು. ಪಾದ ಇಳಿಸಿ ಎಳೆದರೆ ಹಿಡಿತ ತಿಳಿಯಬೇಕು, ಸೂಜಿ ಕೊಂಚ ಬಾಗಬೇಕು. ಎರಡು ಸಲವೂ ಒಂದೇ ತರ ಸಲೀಸಾಗಿ ಬಂದರೆ ಬಿಲ್ಲೆಗಳ ನಡುವೆ ಹಳೆಯ ನೂಲಿನ ಚೂರೋ ಹೊಟ್ಟೋ ಸಿಕ್ಕಿಕೊಂಡಿದೆ ಎಂದರ್ಥ. ಪಾದ ಎತ್ತಿ, ತೆಳ್ಳಗಿನ ಬಟ್ಟೆಯ ಅಂಚನ್ನು ಬಿಲ್ಲೆಗಳ ನಡುವೆ ಆಚೀಚೆ ಎಳೆಯಿರಿ. ಬೂದಿ ಬಣ್ಣದ ಉಂಡೆಯೊಂದು ಹೊರಗೆ ಬೀಳುತ್ತದೆ.

ಇನ್ನು ನೀವು ತಿರುಗಿಸಿದ ಬಾಬಿನ್ ಸ್ಕ್ರೂವಿನ ವಿಚಾರ. ಅದನ್ನು ಮರಳಿ ದಾರಿಗೆ ತರಬೇಕು. ಬಾಬಿನ್ ತುಂಬಿದ ಕೇಸನ್ನು ಅದರ ನೂಲಿನಿಂದಲೇ ತೂಗಿ ಹಿಡಿಯಿರಿ. ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದರೆ ಸಡಿಲ. ಕೈ ಸ್ವಲ್ಪ ಜಗ್ಗಿದಾಗ ಒಂದೆರಡು ಬೆರಳಗಲ ಇಳಿದು ನಿಂತರೆ ಸರಿ. ಎಷ್ಟು ಜಗ್ಗಿದರೂ ಜಪ್ಪಯ್ಯ ಎನ್ನದಿದ್ದರೆ ಬಿಗಿ. ಸ್ಕ್ರೂವನ್ನು ಗಡಿಯಾರದ ಗಂಟೆ ಮುಳ್ಳು ಅರ್ಧ ಗಂಟೆಯಲ್ಲಿ ಸರಿಯುವಷ್ಟೇ ತಿರುಗಿಸಿ ಮತ್ತೆ ತೂಗಿ ನೋಡಿ. ಈ ಕೆಲಸವನ್ನು ಬಿಳಿ ಬಟ್ಟೆ ಹಾಸಿದ ಹರಿವಾಣದ ಮೇಲೆ ಮಾಡಿ. ಆ ಸ್ಕ್ರೂ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ, ಕಳೆದರೆ ನಿಜವಾಗಿಯೂ ಹೊಸ ಕೇಸು ಬೇಕಾಗುತ್ತದೆ.

ಇಷ್ಟಾದ ಮೇಲೆ, ಎಲ್ಲದರ ಕೊನೆಗೆ, ಮೇಲಿನ ಟೆನ್ಷನ್ ತಿರುಗಣಿಗೆ ಕೈ ಹಾಕಿ. ಕೆಂಪು ನೂಲು ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಂಡರೆ ಸ್ವಲ್ಪ ಬಿಗಿ ಮಾಡಿ. ಬಿಳಿ ನೂಲು ಮೇಲೆ ಇಣುಕಿದರೆ ಸ್ವಲ್ಪ ಸಡಿಲಿಸಿ. ಎರಡೂ ಕಾಣದಿದ್ದರೆ ಕೈ ತೆಗೆಯಿರಿ.

*

ಪ್ರಶ್ನೆ: ಟೀಚರ್, ನಾನು ನಿಮ್ಮಲ್ಲಿ ಹೊಲಿಗೆ ಕಲಿತವಳು. ಈಗ ಕರೆಂಟಿನ ಮೆಷಿನ್ ತೆಗೆದುಕೊಂಡಿದ್ದೇನೆ. ಹತ್ತಿ ಬಟ್ಟೆ ಚೆನ್ನಾಗಿ ಹೊಲಿಯುತ್ತದೆ. ಮಕ್ಕಳ ಟೀ ಶರ್ಟು, ಲೆಗ್ಗಿಂಗ್ಸ್ ಇಟ್ಟರೆ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತದೆ. ಟೆನ್ಷನ್ ಎಲ್ಲ ನಂಬರಿನಲ್ಲೂ ಇಟ್ಟು ನೋಡಿದೆ. (ಹಳೆಯ ವಿದ್ಯಾರ್ಥಿನಿ, ಮಂಜೇಶ್ವರ)

ಉತ್ತರ: ಕಲಿತವಳೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳಲಿ? ಹೊಲಿಗೆ ಬಿಟ್ಟುಹೋದರೆ ಮೊದಲು ನೋಡಬೇಕಾದದ್ದು ಸೂಜಿಯನ್ನು.

ಸೂಜಿ ತಳ ಮುಟ್ಟಿ ಎರಡು, ಎರಡೂವರೆ ಮಿಲಿಮೀಟರ್ ಮೇಲೇರುವಾಗ ಅದರ ಹಿಂಬದಿಯಲ್ಲಿ ನೂಲು ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಬಾಬಿನ್ ಕೇಸಿನ ಸುತ್ತ ತಿರುಗುವ ಶಟಲ್ಲಿನ ಕೊಕ್ಕೆ ಬಂದು ಆ ಕುಣಿಕೆಗೆ ಮೂಗು ತೂರಿಸುತ್ತದೆ. ಎಳೆದರೆ ಹಿಗ್ಗುವ ಬಟ್ಟೆ ಸೂಜಿಗೆ ಅಂಟಿಕೊಂಡು ಅದರೊಂದಿಗೇ ಮೇಲೇಳುತ್ತದೆ. ಕುಣಿಕೆ ಆಗುವುದಿಲ್ಲ, ಕೊಕ್ಕೆ ಬರಿಗೈಯಲ್ಲಿ ಸುತ್ತಿ ಹೋಗುತ್ತದೆ. ಅಲ್ಲೊಂದು ಹೊಲಿಗೆ ಕಾಣೆ. ಇದಕ್ಕೂ ಟೆನ್ಷನ್ನಿಗೂ ಸಂಬಂಧವಿಲ್ಲ.

ಬಾಲ್ ಪಾಯಿಂಟ್ ಅಥವಾ ಸ್ಟ್ರೆಚ್ ಸೂಜಿ ಎಂದು ಕೇಳಿ ತೆಗೆದುಕೊ. ತುದಿ ಉರುಟಾಗಿರುವುದರಿಂದ ಅದು ಹೆಣಿಗೆಯ ಎಳೆಯನ್ನು ಚುಚ್ಚಿ ಕಡಿಯದೆ ಬದಿಗೆ ಸರಿಸಿ ಇಳಿಯುತ್ತದೆ. ತೆಳು ಟೀ ಶರ್ಟಿಗೆ 11, ದಪ್ಪಕ್ಕೆ 14. ಕಾಸರಗೋಡಿನ ಪೇಟೆಗೆ ಹೋದಾಗ “ಮೆಷಿನಿನ ಸೂಜಿ ಕೊಡಿ” ಎಂದಷ್ಟೇ ಹೇಳಬೇಡ. ಹಾಗೆ ಕೇಳಿದರೆ ಯಾವ ಭಾಷೆಯಲ್ಲಿ ಕೇಳಿದರೂ ಕೈಗೆ ಬರುವುದು 16. ನಂಬರ್ ಹೇಳು, ನಿನ್ನ ಹಳೆಯ ಸೂಜಿಯನ್ನೂ ತೋರಿಸು. ಮನೆಯ ಮೆಷಿನಿನ ಸೂಜಿಯ ಬುಡ ಒಂದು ಬದಿ ಚಪ್ಪಟೆ; ಕಾರ್ಖಾನೆಯ ಮೆಷಿನಿನದು ಪೂರ್ತಿ ಉರುಟು. ಅದು ಇದಕ್ಕೆ ಆಗುವುದಿಲ್ಲ.

ಸೂಜಿ ಹಾಕುವಾಗ ಮೇಲೆ ತಾಗುವ ತನಕ ತಳ್ಳು. ಸೂಜಿಯಲ್ಲಿ ಉದ್ದದ ಗೀರೊಂದು ಇದೆಯಲ್ಲ, ಆ ಬದಿಯಿಂದಲೇ ನೂಲು ಒಳಗೆ ಹೋಗಬೇಕು. ಹೊಲಿಯುವಾಗ ಬಟ್ಟೆಯನ್ನು ಹಿಂದಿನಿಂದ ಜಗ್ಗಬೇಡ. ನೇರ ಹೊಲಿಗೆಯ ಬದಲು ತುಂಬ ಸಣ್ಣ ಜಿಗ್ಜಾಗ್ ಇಟ್ಟರೆ ಮಗು ಬಟ್ಟೆ ಎಳೆದು ಹಾಕಿಕೊಳ್ಳುವಾಗ ನೂಲು ತುಂಡಾಗುವುದೂ ತಪ್ಪುತ್ತದೆ.

*

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಹೊಲಿಗೆ ಶುರು ಮಾಡಿದ ಕೂಡಲೇ ಸೂಜಿಯಿಂದ ನೂಲು ಹೊರಬರುತ್ತದೆ. ಪ್ರತಿ ಸಲ ಪೋಣಿಸಿ ಪೋಣಿಸಿ ಕಣ್ಣು ಸೋತಿವೆ. (ಓದುಗರು, ಅಕ್ಕಲಕೋಟೆ)

ಉತ್ತರ: ಹೊಲಿಗೆ ನಿಲ್ಲಿಸುವಾಗ ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ ಆ ಕುಣಿಯುವ ಕಡ್ಡಿ ಪೂರ್ತಿ ಮೇಲೆ ಬಂದ ಮೇಲೆಯೇ ಬಟ್ಟೆ ತೆಗೆಯಿರಿ. ಅದು ಅರ್ಧದಲ್ಲಿ ನಿಂತಿದ್ದರೆ ಮುಂದಿನ ಸಲ ಮೇಲೇರುವಾಗ ಸೂಜಿಯಲ್ಲಿರುವ ನೂಲನ್ನೇ ಕಿತ್ತುಕೊಳ್ಳುತ್ತದೆ. ನೂಲಿನ ಬಾಲವನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಮೊದಲ ಎರಡು ಮೂರು ಹೊಲಿಗೆಗೆ ಮೇಲಿನದು, ಕೆಳಗಿನದು ಎರಡೂ ನೂಲನ್ನು ಪಾದದ ಹಿಂದೆ ಬೆರಳಲ್ಲಿ ಹಿಡಿದಿರಿ. ನೂಲು ಉಳಿಸುವ ಜಿಪುಣತನ ಇಲ್ಲಿ ಬೇಡ.

*

ಪ್ರಶ್ನೆ: ತಂಗೀ, ಅತ್ತೆಯ ಕಾಲದ ಮೆಷಿನ್ ಇದು. ಮಳೆಗಾಲ ಬಂತೆಂದರೆ ನೂಲು ಪಟಪಟನೆ ಕಡಿಯುತ್ತದೆ. ಎಣ್ಣೆ ಆಗಾಗ ಹಾಕುತ್ತೇನೆ, ಮನೆಯದೇ ಶುದ್ಧ ತೆಂಗಿನೆಣ್ಣೆ. ಆದರೂ ತುಳಿಯಲು ಭಾರ. ಟೆನ್ಷನ್ ಪೂರ್ತಿ ಸಡಿಲ ಮಾಡಿದ್ದೇನೆ. (ಹಿರಿಯ ಓದುಗರು, ಪೆರ್ಲ)

ಉತ್ತರ: ಅಕ್ಕಾ, ನಿಮ್ಮ ಮನೆಯ ತೆಂಗಿನೆಣ್ಣೆ ತಲೆಗೆ, ಪಲ್ಯದ ಒಗ್ಗರಣೆಗೆ ಬಂಗಾರ. ಮೆಷಿನಿಗೆ ವಿಷ. ದೂಳು, ನೂಲಿನ ಹೊಟ್ಟು ಸೇರಿ ಅದು ಹಲಸಿನ ಮೇಣದಂತೆ ಅಂಟಾಗುತ್ತದೆ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ ಬೇರೆ. ಜಡಿಮಳೆಯ ಬೆಳಗ್ಗೆ ನಿಮ್ಮ ಮೆಷಿನ್ ಭಾರವಾಗುವುದರಲ್ಲಿ ಆಶ್ಚರ್ಯವೇನಿದೆ? ಶಟಲ್ ಓಡುವ ದಾರಿಯಲ್ಲಿ ಅಂಟು ಕೂತರೆ ನೂಲು ಅಲ್ಲೇ ತಡೆದು ಕಡಿಯುತ್ತದೆ.

ಹೊಲಿಗೆ ಮೆಷಿನಿನ ಎಣ್ಣೆ ಎಂದೇ ಸಣ್ಣ ಬಾಟಲಿ ಸಿಗುತ್ತದೆ, ನೀರಿನಂತೆ ತಿಳಿಯಾಗಿರುತ್ತದೆ. ಅದನ್ನು ಹಾಕುವ ಮೊದಲು ಹಳೆಯ ಅಂಟು ಹೋಗಬೇಕು. ಒಲೆಯಿಂದ ದೂರ ಜಗಲಿಯಲ್ಲಿ ಮೆಷಿನ್ ಇಟ್ಟು, ಸೂಜಿ, ನೂಲು, ಬಾಬಿನ್ ತೆಗೆದು, ಎಣ್ಣೆ ಹಾಕುವ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಬರಿದೇ ತುಳಿಯಿರಿ. ಕಂದು ಬಣ್ಣದ ಕೊಳೆ ಇಳಿದು ಬರುತ್ತದೆ, ಒರೆಸಿ. ಮತ್ತೆ ಬಿಡಿ, ಮತ್ತೆ ತುಳಿಯಿರಿ. ಶಟಲನ್ನು ಹೊರಗೆ ತೆಗೆದು ಅದರ ಗೂಡನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಸೂಜಿತಟ್ಟೆಯ ಎರಡು ಸ್ಕ್ರೂ ಬಿಚ್ಚಿದರೆ ಹಲ್ಲುಗಳ ನಡುವೆ ಒತ್ತಿ ಕೂತ ಹೊಟ್ಟು ಸಿಗುತ್ತದೆ. ಅದನ್ನು ಊದಬೇಡಿ, ಕೆರೆದು ತೆಗೆಯಿರಿ. (ಮೇಲೆ ಅಷ್ಟು ಬೈದವಳು ಈಗ ಸ್ಕ್ರೂ ಬಿಚ್ಚಲು ಹೇಳುತ್ತಿದ್ದಾಳೆ ಎನ್ನಬೇಡಿ, ಇದು ಬೇರೆ ಸ್ಕ್ರೂ.) ಸೀಮೆಎಣ್ಣೆ ಆರಿದ ಮೇಲೆ ಮೆಷಿನ್ ಎಣ್ಣೆ ಒಂದೊಂದು ಹನಿ ಹಾಕಿ, ಕಲೆ ಬೀಳುವುದು ನಿಲ್ಲುವ ತನಕ ಬೇಡದ ಬಟ್ಟೆಯಲ್ಲಿ ಹೊಲಿಯಿರಿ.

ಆದರೂ ಕಡಿಯುತ್ತದೆ ಎಂದಾದರೆ ನೂಲನ್ನೇ ವಿಚಾರಿಸಿ. ಅತ್ತೆಯ ಡಬ್ಬಿಯಲ್ಲಿ ಉಳಿದ ಹತ್ತಿ ನೂಲಿನ ರೀಲುಗಳನ್ನು ನೀವು ಬಳಸುತ್ತಿರಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹಳೆಯ ಹತ್ತಿ ನೂಲು ತೇವ ಕುಡಿದು, ಬೂಸಲು ಹಿಡಿದು ಒಳಗಿಂದೊಳಗೆ ಜೀರ್ಣವಾಗುತ್ತದೆ. ಎರಡು ಕೈಯಲ್ಲಿ ಹಿಡಿದು ಚಟ್ಟನೆ ಎಳೆಯಿರಿ. ಸದ್ದಿಲ್ಲದೆ ಬಿಟ್ಟುಬಂದರೆ ಹೂ ಕಟ್ಟಲು ಇಟ್ಟುಕೊಳ್ಳಿ, ಹೊಲಿಗೆಗೆ ಬೇಡ.

ನೂಲು ಗಟ್ಟಿ ಇದ್ದರೆ ಅದು ಕಡಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ಎಳೆಯಾಗಿ ಬಿಚ್ಚಿ ಪೊರಕೆಯಂತಾಗಿದ್ದರೆ ಎಲ್ಲೋ ಉಜ್ಜುತ್ತಿದೆ. ಒಂದೇ ತುಂಡು ನೂಲು ಹೊಲಿಗೆಯಾಗಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಮೇಲೆ ಕೆಳಗೆ ಓಡಾಡುತ್ತದೆ. ಅಲ್ಲೊಂದು ಸಣ್ಣ ಮುಳ್ಳಿದ್ದರೂ ಸಾಕು. ಸೂಜಿ ಬದಲಿಸಿ. ಆಮೇಲೆ ಸೂಜಿತಟ್ಟೆಯ ತೂತಿನ ಸುತ್ತ ಒಂದು ಚೂರು ಹತ್ತಿಯನ್ನು ಮೆಲ್ಲನೆ ಸವರಿ. ಹಿಂದೆ ಯಾವಾಗಲೋ ಸೂಜಿ ಬಡಿದು ಗೀರಾಗಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅತಿ ನುಣುಪಿನ ಎಮರಿ ಕಾಗದವನ್ನು ಸಣ್ಣಗೆ ಸುರುಳಿ ಮಾಡಿ ಆ ಜಾಗ ಉಜ್ಜಿದರೆ ಹೋಗುತ್ತದೆ. ತುದಿ ನೀಟಾಗಿ ಕತ್ತರಿಸಿದ ಹಾಗಿದ್ದರೆ ಚಕ್ರ ಹಿಂದಕ್ಕೆ ತಿರುಗುತ್ತಿರಬಹುದು. ತುಳಿಯುವ ಮೆಷಿನಿನಲ್ಲಿ ಶುರುವಿಗೆ ಕೈಯಿಂದ ಚಕ್ರವನ್ನು ನಿಮ್ಮ ಕಡೆಗೆ ತಳ್ಳಿ, ಆಮೇಲೆ ಕಾಲು ಕೊಡಿ.

ಟೆನ್ಷನ್ ಮೊದಲಿದ್ದಲ್ಲಿಗೆ ತನ್ನಿ.

*

ಪ್ರಶ್ನೆ: ಯಕ್ಷಗಾನದ ವೇಷಭೂಷಣ ಹೊಲಿದು ಕೊಡುವ ಮನೆಯವರು ನಾವು. ವೇಷದ ಮೇಲಂಗಿಯಾದ ದಗಲೆಗೆ ಜರಿ ನೂಲಿನಲ್ಲಿ ಗೆರೆ ಹೊಲಿಯಲು ಹೋದರೆ ಬೆರಳುದ್ದಕ್ಕೆ ಒಮ್ಮೆ ಜರಿ ಸುಲಿದು ಕಡಿಯುತ್ತದೆ. ಉಪಾಯ ಇದೆಯೇ? (ಓದುಗರು, ಕುಂಬಳೆ)

ಉತ್ತರ: ಇಂಥ ಪತ್ರ ಬಂದರೆ ನನಗೆ ಹಬ್ಬ.

ಜರಿ ನೂಲನ್ನು ಮೇಲೆ ಹಾಕುವುದನ್ನೇ ಬಿಡಿ. ಅದನ್ನು ಬಾಬಿನ್ನಿಗೆ ಕೈಯಿಂದ, ನಿಧಾನವಾಗಿ ಸುತ್ತಿ. ಮೇಲೆ ಅದೇ ಬಣ್ಣದ ಸಾದಾ ಪಾಲಿಯೆಸ್ಟರ್ ನೂಲು ಹಾಕಿ. ಗೆರೆಗಳನ್ನು ಬಟ್ಟೆಯ ಒಳಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಒಳಬದಿ ಮೇಲಾಗಿ ಇಟ್ಟು ಹೊಲಿಯಿರಿ. ಕೆಳಗೆ, ಅಂದರೆ ರಂಗಸ್ಥಳದ ಬೆಳಕಿಗೆ ಕಾಣುವ ಬದಿಯಲ್ಲಿ, ಜರಿ ಕೂರುತ್ತದೆ. ಬಾಬಿನ್ನಿನ ನೂಲು ಸೂಜಿಯ ಕಣ್ಣಿನಲ್ಲಿ ಓಡಾಡಬೇಕಾಗಿಲ್ಲ, ಆದ್ದರಿಂದ ಸುಲಿಯುವುದಿಲ್ಲ. ಜರಿ ದಪ್ಪವಿದ್ದರೆ ಬಾಬಿನ್ ಕೇಸಿನ ಸ್ಕ್ರೂ ಸಡಿಲಿಸಬೇಕಾಗುತ್ತದೆ. ಇದಕ್ಕಾಗಿಯೇ ಎರಡನೆಯ ಕೇಸೊಂದನ್ನು ಕೊಂಡು, ಅದಕ್ಕೆ ಉಗುರುಬಣ್ಣದ ಬೊಟ್ಟಿಟ್ಟು ಬೇರೆ ಇಡಿ. ದಿನದ ಹೊಲಿಗೆಯ ಕೇಸನ್ನು ಮುಟ್ಟಬೇಡಿ.

ಮೇಲೆಯೇ ಹಾಕಬೇಕಾದ ಸಂದರ್ಭ ಬಂದರೆ ಕಣ್ಣು ದೊಡ್ಡದಿರುವ 14ರ ಅಥವಾ 16ರ ಸೂಜಿ, ಸಡಿಲ ಟೆನ್ಷನ್, ಉದ್ದ ಹೊಲಿಗೆ, ಮಂದ ವೇಗ. ರೀಲು ತಿರುಗುತ್ತ ನೂಲು ಬಿಚ್ಚುವ ಹಾಗಿರಲಿ. ನಿಂತ ರೀಲಿನ ತಲೆಯ ಮೇಲಿನಿಂದ ಎಳೆದರೆ ಜರಿ ಮುರುಟಿಕೊಂಡು ಬರುತ್ತದೆ, ಮುರುಟಿದಲ್ಲಿ ಸುಲಿಯುತ್ತದೆ.

*

ಪ್ರಶ್ನೆ: ಅಮ್ಮನಿಗೆ ಕಾಸರಗೋಡು ಸೀರೆ ತಂದಿದ್ದೆ. ಫಾಲ್ ಹೊಲಿದ ಮೇಲೆ ಅಂಚು ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿದೆ. ಒಗೆದ ಮೇಲೆ ಇನ್ನೂ ಹೆಚ್ಚಾಯಿತು. (ಓದುಗರು, ನೀರ್ಚಾಲು)

ಉತ್ತರ: ಕೈಮಗ್ಗದ ಆ ಹತ್ತಿ ಸೀರೆಗೆ ಫಾಲ್ ಅನ್ನು ಮೆಷಿನಿನಲ್ಲಿ ಹಾಕಿದ್ದೇ ನನಗೆ ಹಿಡಿಸಲಿಲ್ಲ, ಭೌಗೋಳಿಕ ಗುರುತು ಪಡೆದ ನೇಯ್ಗೆ ಅದು, ಕೈಹೊಲಿಗೆಯ ಮರ್ಯಾದೆ ಕೊಡಬಹುದು. ಇರಲಿ.

ಒಗೆದ ಮೇಲೆ ಹೆಚ್ಚಾದದ್ದು ಫಾಲ್ ಬಟ್ಟೆ ಕುಗ್ಗಿದ್ದರಿಂದ. ಹೊಲಿಯುವ ಮೊದಲು ಅದನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಮೊದಲೇ ಇದ್ದ ಸುಕ್ಕು ನೂಲಿನದ್ದು. ಬಾಬಿನ್ ಸುತ್ತುವಾಗ ಪಾಲಿಯೆಸ್ಟರ್ ನೂಲನ್ನು ವೇಗವಾಗಿ, ಬಿಗಿಯಾಗಿ ಸುತ್ತಿದರೆ ಅದು ಹಿಗ್ಗಿಕೊಂಡೇ ಬಾಬಿನ್ನಿನಲ್ಲಿ ಕೂರುತ್ತದೆ. ಹೊಲಿಗೆಯಾದ ಮೇಲೆ ತನ್ನ ಅಳತೆಗೆ ಮರಳುತ್ತದೆ, ಬಟ್ಟೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಬಿಚ್ಚಿ, ಬಾಬಿನ್ನನ್ನು ನಿಧಾನವಾಗಿ ಸುತ್ತಿ, 11ರ ಹೊಸ ಸೂಜಿ ಹಾಕಿ, ಮೇಲೆ ಕೆಳಗೆ ಒಂದೇ ತೆಳು ನೂಲಿನಿಂದ ಹೊಲಿಯಿರಿ. ಅಥವಾ ಬಿಚ್ಚಿ, ಕೈಯಲ್ಲಿ ಹೊಲಿಯಿರಿ.

*

ಪ್ರಶ್ನೆ: ಮೇಡಂ, ಅಡಿಕೆ ತುಂಬುವ ಗೋಣಿಚೀಲಗಳ ಬಾಯಿಯನ್ನು ಮನೆಯ ಮೆಷಿನಿನಲ್ಲಿ ಹೊಲಿಯಲು ಹೋಗಿ ಸೂಜಿ ಮುರಿಯಿತು. ಹೆಂಡತಿ ಮಾತು ಬಿಟ್ಟಿದ್ದಾಳೆ. ಯಾವ ನಂಬರಿನ ಸೂಜಿ ಹಾಕಬೇಕು? (ಅಡಿಕೆ ಕೃಷಿಕರು, ಮುಳ್ಳೇರಿಯ)

ಉತ್ತರ: ದಬ್ಬಣ ಹಾಕಬೇಕು. ಸುತಳಿಯೂ ಬೇಕು. ಕೈಯಲ್ಲಿ ಹೊಲಿಯಿರಿ.

ಜೀನ್ಸ್ ಪ್ಯಾಂಟಿನ ಕಾಲಿನ ತನಕ ಆ ಮೆಷಿನಿನಲ್ಲಿ ನಡೆಯುತ್ತದೆ, 16ರ ಸೂಜಿ ಹಾಕಿ, ದಪ್ಪ ಬಂದಲ್ಲಿ ಕೈಯಿಂದ ಚಕ್ರ ತಿರುಗಿಸುತ್ತ. ಗೋಣಿಯ ನಾರು ಹಲ್ಲುಗಳೊಳಗೆ, ಶಟಲ್ಲಿನ ಗೂಡಿನೊಳಗೆ ತುಂಬಿಕೊಳ್ಳುತ್ತದೆ. ಇನ್ನೊಂದು ವಿಷಯ: ಮುರಿದ ಸೂಜಿಯ ತುದಿ ಸಿಕ್ಕಿತೇ ಎಂದು ನೀವು ಬರೆದಿಲ್ಲ. ಸಿಗದೆ ಮೆಷಿನ್ ತುಳಿಯಬಾರದು. ಬಾಬಿನ್ ಕೇಸ್ ತೆಗೆದು, ಸೂಜಿತಟ್ಟೆ ಬಿಚ್ಚಿ, ಟಾರ್ಚ್ ಹಿಡಿದು ಹುಡುಕಿ. ಅಯಸ್ಕಾಂತದ ಚೂರನ್ನು ದಾರಕ್ಕೆ ಕಟ್ಟಿ ಇಳಿಸಿದರೆ ಬೇಗ ಸಿಗುತ್ತದೆ. ಸಿಕ್ಕಿದ ತುಂಡನ್ನು ಉಳಿದ ಅರ್ಧಕ್ಕೆ ಜೋಡಿಸಿ ಪೂರ್ತಿ ಇದೆಯೇ ಎಂದು ನೋಡಿ, ಕಾಗದದಲ್ಲಿ ಸುತ್ತಿ ಬಿಸಾಡಿ. ನಂತರ ನಾರನ್ನೆಲ್ಲ ತೆಗೆದು, ಎರಡು ಹನಿ ಎಣ್ಣೆ ಹಾಕಿ, 14ರ ಹೊಸ ಸೂಜಿ ಕೂರಿಸಿ ಮೆಷಿನನ್ನು ಹೆಂಡತಿಗೆ ಒಪ್ಪಿಸಿ.